ಒಣಗಿಸಿ ತೋರಿಸು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುರುಸಿದ್ದವ್ವನ ಮನೆ. ಆ ಮನೆಯಲ್ಲೊಂದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕುಣಿಯಲ್ಲಿ ಎರಡು ಕಾಲು ನೇತ್ರಾಳವು. ಉಳಿದ ಜಾಗದಲ್ಲಿ ಅವಳ ಕೂಸು.

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಕೂಸು ಕುಣಿಯ ತಂಪಿಗೆ ಇಳಿಯುತ್ತಿತ್ತು. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಹೊರಗೆ ಬರುತ್ತಿತ್ತು. ಕಪ್ಪೆಯೂ ಹೀಗೇ ಮಾಡುತ್ತದೆ ಎಂದು ಓಣಿಯವರು ನಗುತ್ತಿದ್ದರು.

ಕೂಸಿನ ಹೆಸರು ಅಂಜನಾ. ವಯಸ್ಸು ಆರು. ಅವಳ ಮೈಗೆ ಬೆವರಲು ಬಾರದು. ಎಲ್ಲರ ಮೈಯೂ ಕಾಯ್ದಾಗ ಬೆವರಿ ಆರುತ್ತದೆ. ಅವಳ ಮೈ ಕಾಯುತ್ತದೆ, ಕಾಯುತ್ತಲೇ ಹೋಗುತ್ತದೆ. ಒಲೆಯ ಮೇಲಿಟ್ಟು ಮರೆತ ಹಂಚಿನ ಹಾಗೆ. ತಲೆಗೂದಲು ಗೋವಿನಜೋಳದ ತೆನೆಯ ತುದಿಯಲ್ಲಿರುವಷ್ಟೇ. ಹಲ್ಲು ಎರಡೇ, ಅವೂ ಚೂಪು. ನಕ್ಕರೆ ಬೆಕ್ಕಿನ ಮರಿ ಆಕಳಿಸಿದಂತೆ ಕಾಣುತ್ತಿತ್ತು.

ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಗುರುಸಿದ್ದವ್ವನ ಹತ್ತಿರ ಕಥೆ ಸಿದ್ಧವಿರುತ್ತಿತ್ತು.

"ಭೂಮ್ತಾಯಿ ಎಲ್ಲಾ ಕೂಸುಗಳನ್ನೂ ಸಾಲಾಗಿ ಕುಂದರಿಸಿ ಮೈಗೆ ಸೂಜೀಲೆ ತೂತು ಹಾಕಾಕತ್ತಿದ್ಲವಾ, ಬೆವರು ಬರಾಕ ಅಂತ. ನಮ್ಮ ಅಂಜೂನ ಪಾಳಿ ಬರೂದ್ರಾಗ ಸೂಜಿ ಮುರೀತು. ಹೋಗ್ಲಿ ಬಿಡು, ಇಷ್ಟು ಚೆಂದನ ಕೂಸಿಗೆ ಯಾಕ ತೂತು ಅಂತ ಹಂಗ ಕಳಿಸಿಬಿಟ್ಲು."

ಮುಂದಿನ ವಾರ ಕೇಳಿದರೆ ಕಥೆ ಬೇರೆ. ಆದರೆ ಪ್ರತಿ ಕಥೆಯಲ್ಲೂ ತಪ್ಪು ದೇವರದು. ಅಂಜೂನದಲ್ಲ. ನೇತ್ರಾಳದೂ ಅಲ್ಲ.

ನೇತ್ರಾಳಿಗೆ ಈ ಮುದುಕಿ ಆಯಿಯೂ ಹೌದು, ಅತ್ತೆಯೂ ಹೌದು. ಅವ್ವನ ಅವ್ವ, ಗಂಡನಿಗೂ ಅವ್ವ. ಅವಳನ್ನು ಸೋದರಮಾವ ಸಂಗಮೇಶನಿಗೇ ಕೊಟ್ಟಿದ್ದರು. ಹಾಗಾಗಿ ಅತ್ತೆಯ ಮೇಲೆ ಚಾಡಿ ಹೇಳಬೇಕೆಂದರೆ ಆಯಿಗೇ ಹೇಳಬೇಕು. ಆಯಿ ಪೂರ್ತಿ ಕೇಳಿಸಿಕೊಂಡು, "ಹೌದಾ? ಭಾಳ ಕೆಟ್ಟಾಕಿ ಅದಾಳ ಬಿಡು ಆಕಿ" ಎಂದು ಒಪ್ಪಿಕೊಂಡು ಅತ್ತೆಯ ಕೆಲಸಕ್ಕೆ ಎದ್ದು ಹೋಗುತ್ತಿದ್ದಳು.

ಮದುವೆಯ ದಿನ ಹೋಳಿಗೆ ತಿಂದ ಜನ, "ರಕ್ತ ಹೊರಗ ಹೋಗಲಿಲ್ಲ, ಚಲೋ ಆತು" ಅಂದಿದ್ದರು. ಕೂಸು ಹುಟ್ಟಿದ ಮೇಲೆ ಅದೇ ಜನ, ಅದೇ ಬಾಯಿ, "ಸೋದರಮಾವನ್ನ ಮಾಡ್ಕೊಂಡ್ರ ಹಿಂಗ ನೋಡವಾ" ಅಂದರು. ಹೋಳಿಗೆಯನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಮೊದಲ ಎರಡು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಕೂಸಿಗೆ ಜ್ವರ. ಮತ್ತೆ ಜ್ವರ. ಒಬ್ಬ ಡಾಕ್ಟರು ಟೈಫಾಯ್ಡ್ ಅಂದರು, ಇನ್ನೊಬ್ಬರು ಮಲೇರಿಯಾ ಅಂದರು, ಓಣಿಯವರು ದೃಷ್ಟಿ ಅಂದರು. ಸೂಜಿ ಚುಚ್ಚಿಸಿಕೊಂಡು ಅದರ ತೊಡೆ ಗಂಟುಗಂಟಾಗಿತ್ತು. ಕಡೆಗೆ ಬಾಗಲಕೋಟೆಯಲ್ಲಿ ಒಬ್ಬ ಎಳೆಯ ಡಾಕ್ಟರತಿ ಬರೆಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು, "ಈ ಕೂಸು ಎಂದರ ಬೆವತೈತೇನ್ರಿ?"

ನೇತ್ರಾ ಕೂಸಿನ ಹಣೆಯ ಮೇಲೆ ಕೈಯಾಡಿಸಿ ನೋಡಿದಳು. "ಬೆವರು ಬಂದ್ರ ಒರಸ್ತೇವ್ರಿ. ಬರಲಿಲ್ಲ ಅಂತ ಯಾರು ನೋಡ್ತಾರ್ರಿ?"

ಅಲ್ಲಿಂದ ಬಂದ ವರದಿಯಲ್ಲಿ ರೋಗಕ್ಕೆ ಒಂದೂವರೆ ಸಾಲು ಉದ್ದದ ಇಂಗ್ಲಿಷ್ ಹೆಸರಿತ್ತು. ಹುಟ್ಟುವಾಗಲೇ ಬಂದದ್ದು, ತಾಯಿತಂದೆ ಇಬ್ಬರ ಕಡೆಯಿಂದಲೂ ಇಳಿದದ್ದು, ಲಕ್ಷಕ್ಕೊಬ್ಬರಿಗೆ ಬರುವಂಥದ್ದು. ಔಷಧವಿಲ್ಲ. ನೀರೇ ಔಷಧ. ಮೈ ಒದ್ದೆಯಿಡು, ನೆರಳಿನಲ್ಲಿಡು, ಕೂಸು ಬದುಕುತ್ತದೆ, ಬೆಳೆಯುತ್ತದೆ, ಓದುತ್ತದೆ. ಅಷ್ಟೇ.

ಅಷ್ಟೇ ಅನ್ನುವುದು ಬಾಯಿಗೆ ಸುಲಭ. ನೇತ್ರಾಳ ಗಡಿಯಾರವೇ ಬದಲಾಯಿತು. ಲಾಳಿ ಓಡಿಸಿ ನೂರು ಎಳೆ ಹೊಕ್ಕು ಹಾಕು, ಬಗ್ಗು, ಕೂಸಿನ ಬಟ್ಟೆ ನೆನೆಸು. ಮತ್ತೆ ನೂರು ಎಳೆ. ಮತ್ತೆ ಬಗ್ಗು. ಹಳೆಯ ಹತ್ತಿ ಸೀರೆ ಹರಿದು ಮಾಡಿದ ಪಟ್ಟಿ ಕೂಸಿನ ಕೊರಳಿನಿಂದ ಸೊಂಟದವರೆಗೆ. ನಳ ಬಂದ ದಿನ ಹನ್ನೆರಡು ಕೊಡ ಹೊರು. ಬೇಸಿಗೆಯ ಮೂರು ತಿಂಗಳು ಅವಳ ಬೆರಳ ತುದಿಗಳು ನೆನೆದು ಸುಕ್ಕಾಗಿರುತ್ತಿದ್ದವು. ಅವಳ ಬೆನ್ನಿಗೆ ಹರಿಯುವ ಬೆವರು ನೋಡಿ ಅಂಜೂಗೆ ಕನಿಕರ. "ಅವ್ವಾ, ನೀ ಎಷ್ಟು ಸೋರ್ತೀ" ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಜಗತ್ತಿನ ಜನರೆಲ್ಲ ಸೋರುವ ಕೊಡಗಳು. ನೆಟ್ಟಗಿರುವವಳು ತಾನೊಬ್ಬಳೇ.

ಸಂಗಮೇಶ ಕೆಂಪು ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಮನೆಗೆ ಬಂದವನು ಒಮ್ಮೆ ಅಂದ, "ಗರಗಸ ತಿರಗೂ ಮಟಾ ಕಲ್ಲಿನ ಮ್ಯಾಲ ನೀರು ಬಿಡ್ತಾರ. ಕಾಯ್ದ್ರ ಕಲ್ಲು ಸೀಳ್ತೈತಿ ಅಂತ. ಕಲ್ಲಿಗೆ ಯಾರೂ ಸರ್ಟಿಫಿಕೇಟ್ ಕೇಳೂದಿಲ್ಲ ನೋಡು."

ಸರ್ಟಿಫಿಕೇಟಿನ ಮಾತು ಬಂದದ್ದು ಶಾಲೆಯಿಂದ.

ಹಿಂದಿನ ಜೂನಿನಲ್ಲಿ ನೇತ್ರಾ ಮಗಳನ್ನೂ ಆಯಿಯನ್ನೂ ಕರೆದುಕೊಂಡು ಶಾಲೆಗೆ ಹೋಗಿದ್ದಳು, ಮುಂದಿನ ವರ್ಷದ ಒಂದನೇ ಇಯತ್ತೆಗೆ ಕೇಳಿಡೋಣ ಎಂದು. ಹೆಡ್ ಮಾಸ್ತರರು ಅಂಜೂನನ್ನು ನೋಡಿದರು. ಅವಳ ಪಟ್ಟಿಯಿಂದ ನೆಲದ ಮೇಲೆ ತೊಟ್ಟಿಕ್ಕುತ್ತಿದ್ದ ನೀರನ್ನೂ ನೋಡಿದರು.

"ಇದೇನವಾ, ಕೂಸಿನ್ನ ಹಿಂಡದ ತಂದೀಯಲ್ಲ."

ನೇತ್ರಾ ಎಲ್ಲ ಹೇಳಿದಳು. ಅವರು ಕೇಳಿಸಿಕೊಂಡು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು.

"ನಮ್ಮಲ್ಲಿ ಯೂನಿಫಾರಂ ಐತಿ. ಬೂಟು ಐತಿ. ಮುಂಜಾನೆ ಅಂಗಳದಾಗ ಪ್ರಾರ್ಥನಾ ಐತಿ. ಹೆಣ್ಣುಹುಡುಗ್ಯಾರಿಗೆ ಎರಡು ಜಡಿ, ಕೆಂಪು ರಿಬ್ಬನ್ನು ಕಡ್ಡಾಯ."

"ರಿಬ್ಬನ್ ಕಟ್ರಿ," ಎಂದಳು ಗುರುಸಿದ್ದವ್ವ. "ಕೂದ್ಲ ಹಿಂದಾಗಡೆ ಬರ್ತಾವ."

"ತಮಾಷಿ ಅಲ್ಲಬೇ. ನಾಳೆ ಕೂಸಿಗೇನರ ಆದ್ರ ನನ್ನ ಕೊಳ್ಳಿಗೆ ಬರ್ತೈತಿ. ಇದು ಅಂಗವಿಕಲ ಕೂಸು. ಡಾಕ್ಟರ ಬೋರ್ಡಿನಿಂದ ಕಾಗದ ತರ್ರಿ, ಹಂಗ ಏನೇನು ಮಾಡಬೇಕು ಅಂತ ಬರಸ್ಕೊಂಡು ಬರ್ರಿ. ಆಮ್ಯಾಲ ತಗೋತೇನಿ."

ಜನವರಿಯಲ್ಲಿ ಡಾಕ್ಟರ ಬೋರ್ಡಿನವರು ನಡೆಸಿದ ಶಿಬಿರಕ್ಕೆ ಹೋದರು. ಚಳಿಗಾಲ. ಅಂಜೂ ಗುಬ್ಬಿಯಂತೆ ಜಿಗಿಯುತ್ತಿದ್ದಳು. ಬೋರ್ಡಿನವರು ಬೆರಳು ಎಣಿಸಿದರು. ಹತ್ತಿದ್ದವು. ಕುಂಟಲು ಹೇಳಿದರು, ಅವಳು ಆಟವೆಂದು ತಿಳಿದು ಕುಂಟುತ್ತಾ ಕೋಣೆ ಸುತ್ತಿದಳು. ಮಗು ಆರೋಗ್ಯವಾಗಿದೆ, ಯಾವ ವೈಕಲ್ಯವೂ ಇಲ್ಲ ಎಂದು ಬರೆದು ಕಳಿಸಿದರು.

ಹೀಗೆ ಅಂಜನಾ ಶಾಲೆಯಲ್ಲಿ ಅಂಗವಿಕಲೆ, ಬೋರ್ಡಿನಲ್ಲಿ ಸುಖಿ. ಶಾಲೆಗೆ ಸೇರಿಸಲಾಗದಷ್ಟು ಕಾಯಿಲೆ. ಕಾಗದ ಕೊಡಲಾಗದಷ್ಟು ಆರೋಗ್ಯ. ಈ ಜೂನ್ ತಪ್ಪಿದರೆ ಮತ್ತೊಂದು ವರ್ಷ ಕುಣಿ. ಆಗಲೇ ಅವಳು ಕುಣಿಯಲ್ಲಿ ಕೂತು ಮಗ್ಗದ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಅ, ಆ ಬರೆಯುತ್ತಿದ್ದಳು. ಇ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು.

ಮೇ ತಿಂಗಳಿನಲ್ಲಿ ಹುನಗುಂದದಲ್ಲಿ ಮತ್ತೊಂದು ಶಿಬಿರ ಎಂದು ಸುದ್ದಿ ಬಂತು.

ಆ ದಿನ ಬೆಳಿಗ್ಗೆಯೇ ಕೂಸು, ಅವ್ವ, ಆಯಿ ಮೂವರೂ ಬಸ್ಸು ಹತ್ತಿದರು. ನೇತ್ರಾಳ ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನು, ವರದಿಯ ಚೀಲ, ಸೊಂಟದಲ್ಲಿ ಕೂಸು. ಬಸ್ಸು ಊರು ದಾಟುವುದರೊಳಗೆ ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ಅಂಗಿಯವನು ಕಾಲು ಎತ್ತಿಕೊಂಡ.

"ಏನವಾ, ಕೂಸು ಉಚ್ಚಿ ಹೊಯ್ದೈತಲ್ಲ."

"ಉಚ್ಚಿ ಅಲ್ರಿ, ನೀರು."

"ಎಲ್ಲಾರ ಕೂಸಿಂದೂ ನೀರ ಇರ್ತೈತಿ."

ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಪುಕ್ಕಟೆ ಚೀಟಿ ಹರಿಯುತ್ತಾ, "ಚೀಟಿ ಪುಕ್ಕಟ, ಅಂದ್ರ ಬಸ್ಸು ತೊಳೀಬೇಕಂತ ಕಾಯದಿ ಇಲ್ಲಬೇ" ಅಂದ. ಬಸ್ಸೆಲ್ಲ ನಕ್ಕಿತು. ನೇತ್ರಾ ಸೆರಗಿನಿಂದ ನೆಲ ಒರೆಸಿದಳು. ಒರೆಸುವುದು ಅವಳಿಗೆ ಅಭ್ಯಾಸ. ಯಾರು ಏನಂದರೂ ಹ್ಞೂಂರಿ ಅನ್ನುವುದೂ ಅಭ್ಯಾಸ.

ಗುರುಸಿದ್ದವ್ವನಿಗೆ ಆ ಅಭ್ಯಾಸವಿರಲಿಲ್ಲ. "ತಮ್ಮಾ," ಅಂದಳು ಇಸ್ತ್ರಿ ಅಂಗಿಯವನಿಗೆ, "ಈಕಿ ಮಲಪ್ರಭಾ ಹೊಳಿ ಮಗಳು. ಕಾಲು ಇಳಿಬಿಡು. ಪುಣ್ಯಾ ಬರ್ತೈತಿ."

ಅವನು ನಂಬಲಿಲ್ಲ. ಆದರೆ ಕಾಲು ಇಳಿಬಿಟ್ಟ.

ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಅಂಗಳದಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಕುಂಟರು, ಕುರುಡರು, ಕಿವುಡರು, ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಾಯಂದಿರು. ಹತ್ತು ಗಂಟೆಗೇ ತಗಡು ಚುರುಗುಟ್ಟುತ್ತಿತ್ತು. ಬೋರ್ಡಿನ ಡಾಕ್ಟರುಗಳು ಮಾತ್ರ ಒಳಗೆ ಕೂತಿದ್ದರು. ಇಡೀ ಮಂಟಪದಲ್ಲಿ ಏಸಿ ಇರುವುದು ಒಂದೇ ಕೋಣೆಗೆ. ಅದರ ಬಾಗಿಲ ಮೇಲೆ ಬಂಗಾರದ ಅಕ್ಷರ: ವಧುವಿನ ಕೋಣೆ.

ಬಾಗಿಲಲ್ಲಿ ಜವಾನ ಅಮಾತೆಪ್ಪ ಸ್ಟೂಲು ಹಾಕಿಕೊಂಡು ಕೂತಿದ್ದ. "ಒಬ್ಬೊಬ್ಬರ ಬರ್ರಿ. ಬಾಗ್ಲಾ ಹಾಕ್ರಿ, ತಂಪು ಹೊರಗ ಹೋಗ್ತೈತಿ" ಎನ್ನುವುದು ಅವನ ಕೆಲಸ. ಒಳಗೆ ಹೋದವರ ಸಂಕಟಕ್ಕಿಂತ ಹೊರಗೆ ಬರುವ ತಂಪಿನ ಬಗ್ಗೆ ಅವನಿಗೆ ಚಿಂತೆ.

ಸರದಿಯಲ್ಲಿ ನೇತ್ರಾಳ ಮುಂದಿದ್ದವನು ನಜೀರಸಾಬ. ಇಪ್ಪತ್ತು ವರ್ಷದ ಹಿಂದೆ ಕಲ್ಲಿನ ಖಣಿಯಲ್ಲಿ ಅವನ ಬಲಗಾಲು ಬಂಡೆಯ ಕೆಳಗೆ ಹೋಗಿತ್ತು.

"ನಿಮ್ದು ಕಣ್ಣಿಗೆ ಕಾಣತೈತಲ್ರಿ ಚಾಚಾ. ಮತ್ಯಾಕ ಬಂದೀರಿ?" ಎಂದಳು ನೇತ್ರಾ.

"ಐದು ವರ್ಷಕ್ಕೊಮ್ಮಿ ತೋರಸಬೇಕವಾ. ನಡುವ ಕಾಲು ಚಿಗತೈತೇನ ಅಂತ ನೋಡ್ತಾರ."

"ಚಿಗತೈತೇನು?" ಗುರುಸಿದ್ದವ್ವ ಗಂಭೀರವಾಗಿ ಕೇಳಿದಳು.

"ಇಲ್ಲಬೇ. ಈ ಸಲ ಮಳಿ ಸಾಲಲಿಲ್ಲ."

ಹನ್ನೆರಡು ಹೊಡೆಯಿತು. ಕ್ಯಾನಿನ ನೀರು ಅರ್ಧಕ್ಕಿಳಿಯಿತು. ಚಪ್ಪರದ ಪಕ್ಕದಲ್ಲಿ ಒಂದು ನಳವಿತ್ತು. ಅದಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಅಮಾತೆಪ್ಪನನ್ನು ಕೇಳಿದರೆ, "ಅದು ಮದುವಿ ಮಂದಿಗಷ್ಟ. ಕೀಲಿ ಮಾಲಕನ ಹಂತ್ಯಾಕೈತಿ" ಅಂದ. ನೇತ್ರಾ ಕೂಸಿನ ಪಟ್ಟಿ ನೆನೆಸಿದಳು. ಹಣೆ ಮುಟ್ಟಿ ನೋಡಿದಳು. ಮತ್ತೆ ನೆನೆಸಿದಳು. ಬಗ್ಗಿಬಗ್ಗಿ ಸೊಂಟ ಬಿದ್ದುಹೋಗಿತ್ತು.

ಒಂದು ಗಂಟೆಗೆ ನಜೀರಸಾಬ ಒಳಗೆ ಹೋಗಿ ಬಂದ. ಕಾಲಿಲ್ಲವೆಂದು ಒಪ್ಪಿದ್ದರಂತೆ, ಆದರೆ ಫೋಟೋದಲ್ಲಿ ಮುಖ ಸ್ಪಷ್ಟವಿಲ್ಲವೆಂದು ಕೂರಿಸಿದ್ದರು. "ಕಾಲು ನೋಡ್ರಿ ಅಂದ್ರ ಮಾರಿ ನೋಡ್ತಾರ" ಎಂದು ಕಂಬಕ್ಕೊರಗಿ ಕೂತ.

ಇವರ ಪಾಳಿ ಬಂತು.

ಒಳಗೆ ಕಾಲಿಟ್ಟರೆ ಶ್ರಾವಣ. ಗೋಡೆಗೆ ಸುತ್ತಲೂ ದೀಪವಿದ್ದ ದೊಡ್ಡ ಕನ್ನಡಿ, ಪ್ಲಾಸ್ಟಿಕ್ಕಿನ ಚೆಂಡುಹೂವು. ವಧು ಕೂರುವ ಕೆಂಪು ಕುರ್ಚಿಯಲ್ಲಿ ದೊಡ್ಡ ಡಾಕ್ಟರು ಕೂತಿದ್ದರು. ಮೈಸೂರು ಕಡೆಯವರು. ಪಕ್ಕದಲ್ಲಿ ಇನ್ನಿಬ್ಬರು ಡಾಕ್ಟರು, ಲ್ಯಾಪ್‌ಟಾಪಿನ ಮುಂದೆ ಆಫ್ರೀನ ಎಂಬ ಹುಡುಗಿ.

"ಏನಮ್ಮಾ ತೊಂದರೆ?"

"ಕೂಸಿಗೆ ಬೆವರು ಬರೂದಿಲ್ರಿ."

"ಇಲ್ಲಿ ನನಗೂ ಬರ್ತಿಲ್ಲವಲ್ಲ," ಎಂದರು ಡಾಕ್ಟರು. ಪಕ್ಕದ ಇಬ್ಬರು ನಕ್ಕರು. ನಗುವುದು ಅವರಿಗೆ ಅಭ್ಯಾಸವಾಗಿತ್ತು.

ನೇತ್ರಾ ವರದಿ ಮುಂದಿಟ್ಟಳು. ಅವರು ಓದಿದರು. ಕೆಟ್ಟ ಮನುಷ್ಯನಲ್ಲ, ಕಡೆಯ ಹಾಳೆಯವರೆಗೂ ಓದಿದರು. "ಇದು ಗೊತ್ತಿರೋದೇ. ಆದರೆ ನಮ್ಮ ಅಂಗವೈಕಲ್ಯದ ಪಟ್ಟೀಲಿ ಬರಬೇಕಲ್ಲಮ್ಮ. ಆಫ್ರೀನ, ನೋಡು."

ಆಫ್ರೀನ ಬೆರಳಾಡಿಸಿದಳು. "ಇಪ್ಪತ್ತೊಂದು ಅದಾವ್ರಿ ಸರ್. ಇದು ಇಲ್ಲ."

"ಹಂಗಾದ್ರ ಪಟ್ಟಿ ಬ್ಯಾಡ್ರಿ," ಎಂದಳು ನೇತ್ರಾ. "ಈಕಿಗೆ ನೀರು ಬೇಕು, ನೆರಳು ಬೇಕು ಅಂತ ಸಾಲಿಗೆ ಒಂದು ಚೀಟಿ ಬರದು ಕೊಡ್ರಿ. ಅಷ್ಟ ಸಾಕು."

ಡಾಕ್ಟರು ಕೂಸಿನ ಹಣೆಗೆ ಥರ್ಮಾಮೀಟರು ಹಿಡಿದರು. "ನೋಡು, ನಾರ್ಮಲ್. ನನ್ನ ಕಣ್ಣಿಗೆ ಮಗು ಚೆನ್ನಾಗಿದೆ. ಚೆನ್ನಾಗಿರೋ ಮಗೂಗೆ ನಾನು ಏನಂತ ಬರೀಲಿ?" ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡು. ಆ ಒದ್ದೆ ಬಟ್ಟೆ ಬಿಚ್ಚಿ ಅರ್ಧ ಗಂಟೆ ಹೊರಗೆ ಬಿಸಿಲಲ್ಲಿ ನಿಲ್ಲಿಸು. ಚೆನ್ನಾಗಿ ಒಣಗಲಿ. ಆಮೇಲೆ ಕರ್ಕೊಂಡು ಬಾ. ಮೈ ಕಾದಿದ್ದರೆ ಅದನ್ನೇ ಬರೆದುಕೊಡ್ತೀನಿ. ಸರಿ ತಾನೆ?"

"ಹ್ಞೂಂರಿ," ಎಂದಳು ನೇತ್ರಾ.

ಬಾಯಿಗೆ ಅಭ್ಯಾಸ. ಕಾಲಿಗೂ ಅಭ್ಯಾಸ, ಅವು ಹೊರಗೆ ನಡೆದವು. ಕೈಗೂ ಅಭ್ಯಾಸ, ಚಪ್ಪರದಾಚೆಯ ಬಿಸಿಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಪಟ್ಟಿಯ ಗಂಟು ಬಿಚ್ಚತೊಡಗಿದವು. ಒಂದು ಸುತ್ತು ಬಿಚ್ಚಿತು.

"ಅವ್ವಾ, ನನ್ನ ಒಣಾ ಹಾಕ್ತೀಯೇನು?" ಅಂಜೂ ಕೇಳಿದಳು.

ನೇತ್ರಾ ಎರಡನೆಯ ಸುತ್ತಿಗೆ ಕೈ ಹಾಕಿದಳು.

"ಸಂಡಗಿಗತೆ? ಹಂಗಾದ್ರ ಒಂದ ಕಡೆ ಆದಮ್ಯಾಲ ತಿರುವಿ ಹಾಕು ಮತ್ತ. ಇಲ್ಲಂದ್ರ ಆಯಿ ಬೈತಾಳ."

ನೇತ್ರಾಳ ಕೈ ನಿಂತಿತು.

ಅರ್ಧ ಗಂಟೆ ಬಿಸಿಲೆಂದರೆ ಎಷ್ಟು ಎಂದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಕೂಸಿದ್ದಾಗ, ಕಲಾದಗಿಯಲ್ಲಿ ಒಂದು ಮದುವೆ. ಬಿಸಿಲಿನಲ್ಲಿ ಇಪ್ಪತ್ತೇ ನಿಮಿಷ. ಕೂಸಿನ ಕಣ್ಣು ಮೇಲೆ ಹೋದವು. ಹಲ್ಲಿಲ್ಲದ ದವಡೆ ಕಚ್ಚಿಕೊಂಡಿತು. ಮೈ ಬಿಲ್ಲಿನಂತೆ ಬಗ್ಗಿತು. ನೀರಿನ ಹೌದಿನೊಳಗೆ ಕೂಸಿನ ಸಮೇತ ಅವಳು ಧುಮುಕಿದ್ದಳು, ಹೊಸ ಸೀರೆಯಲ್ಲಿ. ಅದನ್ನು ಇವರು ನೋಡಬೇಕಂತೆ. ನೋಡಿದ ಮೇಲೆ ಬರೆಯುತ್ತಾರಂತೆ.

ನಾಲ್ಕು ವರ್ಷ ತಾನು ಏನು ಮಾಡಿದೆ? ಒದ್ದೆ ಮಾಡಿದೆ. ಹಗಲೂ ರಾತ್ರಿಯೂ ಒದ್ದೆ ಮಾಡಿದೆ. ಅದಕ್ಕೇ ಕೂಸು ಚೆನ್ನಾಗಿದೆ. ಚೆನ್ನಾಗಿರುವುದೇ ತಪ್ಪಾಯಿತು.

ಕ್ಯಾನಿನಲ್ಲಿದ್ದ ನೀರನ್ನೆಲ್ಲ ಅವಳು ಕೂಸಿನ ತಲೆಯ ಮೇಲೆ ಸುರಿದಳು. ಕೊನೆಯ ಹನಿಯವರೆಗೆ. ಪಟ್ಟಿ ಬಿಗಿದಳು. ಕೂಸನ್ನು ಎತ್ತಿಕೊಂಡು, ಅಮಾತೆಪ್ಪನ ಸ್ಟೂಲು ದಾಟಿ, ಬಾಗಿಲು ನೂಕಿದಳು.

"ಒಣಗಸೂದಿಲ್ರಿ," ಎಂದಳು.

ಡಾಕ್ಟರು ಚಹಾದ ಕಪ್ಪು ಕೆಳಗಿಟ್ಟರು. "ಒಣಗಿಸದೆ ನಾನು ಹೇಗಮ್ಮಾ ನಂಬಲಿ?"

"ನಾ ನೇಯೂವಾಕಿ ಅದೇನ್ರಿ. ಒಣಗಿದ ನೂಲು ಹರೀತೈತಿ ಅಂತ ನಂಗ ಗೊತ್ತೈತಿ. ಖರೆ ಹೌದೋ ಅಲ್ಲೋ ಅಂತ ಮಗ್ಗದ ಮ್ಯಾಲಿನ ಹಾಸು ಹರದು ನೋಡ್ತಾರೇನ್ರಿ?"

"ನೂಲು ಬೇರೆ, ಮಗು ಬೇರೆ."

"ಹೌದ್ರಿ. ನೂಲು ಹರದ್ರ ಗಂಟು ಹಾಕ್ತೇವಿ."

ಡಾಕ್ಟರು ಕೈಗಡಿಯಾರ ನೋಡಿಕೊಂಡರು.

"ನೋಡಮ್ಮಾ, ನನಗೆ ಟೈಮಿಲ್ಲ. ಮುಂದಿನ ಶಿಬಿರಕ್ಕೆ ಬಾ."

"ಅದು ಯಾವಾಗ್ರಿ?"

"ದೀಪಾವಳಿ ಆದಮೇಲೆ."

"ಸಾಲಿ ಜೂನಕ್ಕ ಐತ್ರಿ," ಎಂದು ನೇತ್ರಾ ಏಸಿಯ ಕೆಳಗೆ ನೆಲದ ಮೇಲೆ ಕೂತಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ನೀವು ಬರಿಯೂ ಮಟಾ ಇಲ್ಲೇ ಇರ್ತೇವಿ. ಇಲ್ಲಿ ತಂಪೈತಿ."

ಅಮಾತೆಪ್ಪ ಓಡಿಬಂದ. "ಏಳವಾ ತಂಗಿ, ಏಳು. ಇದೇನು ನಿಮ್ಮ ಮನಿ ಪಡಸಾಲಿ ಅಲ್ಲ."

ಅವನ ಹಿಂದೆಯೇ ಗುರುಸಿದ್ದವ್ವ ಬಂದಳು. ಮೊಮ್ಮಗಳ ಪಕ್ಕದಲ್ಲಿ ಸೆರಗು ಹಾಸಿ ಉದ್ದಕ್ಕೆ ಮಲಗಿದಳು. "ನೋಡಪಾ, ನಂಗ ಎಪ್ಪತ್ತೆಂಟು. ನೀ ಕೈ ಹಚ್ಚಿದ್ರ ನಾ ಇಲ್ಲೇ ಸಾಯ್ತೇನಿ. ಆಮ್ಯಾಲ ಈ ಖೋಲಿಗೆ ಯಾ ಮದುಮಗಳೂ ಬರೂದಿಲ್ಲ. ನಿಮ್ಮ ಮಾಲಕಗ ನೀನ ಹೇಳು."

ಅಮಾತೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ.

ಬಾಗಿಲು ತೆರೆದೇ ಇತ್ತು. ತಂಪು ಹೊರಗೆ ಹೋಗುತ್ತಿತ್ತು. ಅದರ ಜಾಡು ಹಿಡಿದು ನಜೀರಸಾಬನ ಊರುಗೋಲು ಒಳಗೆ ಬಂತು. ಅವನು ಒಳಗೆ ಸುತ್ತ ನೋಡಿದ. ಹೊರಗೆ ತಿರುಗಿ ಕೂಗಿದ, "ಲೇ, ಬಿಸಲಾಗ ಯಾಕ ಸಾಯ್ತೀರಿ, ಒಳಗ ಬರ್ರಲೇ. ಇಲ್ಲಿ ಮಳಿಗಾಲ ನಡದೈತಿ."

ಬಂದರು. ಕುರುಡರು ಕುಂಟರನ್ನು ಹಿಡಿದುಕೊಂಡು ಬಂದರು, ಕುಂಟರು ಕುರುಡರಿಗೆ ದಾರಿ ಹೇಳುತ್ತಾ ಬಂದರು. ಕಿವಿ ಕೇಳದ, ಮಾತು ಬಾರದ ಒಬ್ಬಳು ಹೆಣ್ಣುಮಗಳು ಡಾಕ್ಟರ ಮೇಜಿನ ಮೇಲಿದ್ದ ಚೌಚೌ ತಟ್ಟೆಯನ್ನು ತೆಗೆದು ಕೂಸುಗಳಿಗೆ ಹಂಚಿದಳು. ಬೇಡವೆಂದು ಹೇಳಿದರೆ ಅವಳಿಗೆ ಕೇಳಿಸುವಂತಿರಲಿಲ್ಲ. ಕನ್ನಡಿಯ ಮುಂದೆ, ಪೆಟ್ಟಿಗೆಯ ಮೇಲೆ, ಕುರ್ಚಿಯ ಕೈಗಳ ಮೇಲೆ ಜನ. ಒಂದು ವಧು ಕೂರುವ ಜಾಗದಲ್ಲಿ ಐವತ್ತು ಮಂದಿ. ಇಬ್ಬರು ಡಾಕ್ಟರು ಫೋನ್ ಬಂತೆಂದು ಹೊರಗೆ ಹೋದವರು ಮತ್ತೆ ಬರಲಿಲ್ಲ. ದೊಡ್ಡವರಿಗೆ ಏಳಲು ಜಾಗವೇ ಉಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಏಸಿ ಒಮ್ಮೆ ಕೆಮ್ಮಿ ನಿಂತಿತು. ವಧುವಿನ ಕೋಣೆಗೆ ಕಿಟಕಿಯಿರಲಿಲ್ಲ. ವಧುವನ್ನು ಯಾರೂ ಇಣುಕಬಾರದೆಂದೋ, ವಧು ಓಡಿಹೋಗಬಾರದೆಂದೋ. "ಜನರೇಟರ್ ಹಾಕೋ," ಎಂದರು ಡಾಕ್ಟರು. "ಅದು ಮದುವಿ ಬುಕಿಂಗ್ ಇದ್ರ ಅಷ್ಟರಿ," ಎಂದ ಅಮಾತೆಪ್ಪ.

ನೇತ್ರಾ ಎದ್ದಳು. ಕೂಸಿನ ಹಣೆ ಮುಟ್ಟಿದಳು. ಇನ್ನೂ ತಂಪಿತ್ತು. ಆದರೆ ಕ್ಯಾನು ಖಾಲಿ. "ನೀರು ಬೇಕು. ಈಗ ಬೇಕು," ಎಂದಳು. ಕೂಗಲಿಲ್ಲ.

"ಕೀಲಿ ಮಾಲಕನ..." ಎಂದು ಅಮಾತೆಪ್ಪ ಶುರುಮಾಡಿದ. ನಜೀರಸಾಬ ಅವನ ಮಾತು ಮುಗಿಯಲು ಬಿಡಲಿಲ್ಲ. ಜನರ ಹೆಗಲಿನಿಂದ ಹೆಗಲಿಗೆ ಕೈ ಊರಿಕೊಂಡು ಹೊರಗೆ ಹೋದ. ಹದಿನೈದು ವರ್ಷ ಬಂಡೆ ಒಡೆದ ತೋಳು. ಊರುಗೋಲಿನ ಕಬ್ಬಿಣದ ತುದಿ ಬೀಗದ ಮೇಲೆ ಮೂರು ಸಲ ಬಿತ್ತು. ನಾಲ್ಕನೆಯದು ಬೇಕಾಗಲಿಲ್ಲ. ಕೈಯಿಂದ ಕೈಗೆ ಕೊಡ ಒಳಗೆ ಬಂತು. ನೇತ್ರಾ ಪಟ್ಟಿ ನೆನೆಸಿದಳು. ಮತ್ತೊಂದು ಕೊಡ ಬಂತು. ಅಂಜೂ ತಲೆಯಿಂದ ಕಾಲಿನವರೆಗೆ ನೆನೆದು ನಗುತ್ತಾ ಕೂತಳು. ಆ ಕೋಣೆಯಲ್ಲಿ ಸುಖವಾಗಿದ್ದವಳು ಅವಳೊಬ್ಬಳೇ.

ಮಿಕ್ಕವರೆಲ್ಲ ಸೋರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೆಂಪು ಕುರ್ಚಿ ಸೋರುತ್ತಿತ್ತು. ಡಾಕ್ಟರ ಬೋಳುತಲೆಯಿಂದ ಹೊರಟ ನೀರು ಹುಬ್ಬು ದಾಟಿ, ಕನ್ನಡಕದೊಳಗೆ ನಿಂತು, ಕೊರಳಪಟ್ಟಿಗಿಳಿದಿತ್ತು. ಕೈವಸ್ತ್ರ ಹಿಂಡುವಂತಾಗಿತ್ತು. ಅವರು ಕಾಲರು ಸಡಿಲಿಸಿ ಕಣ್ಣು ಮುಚ್ಚಿದರು. ಕರೆಂಟು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ.

ಅಂಜೂ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಎದ್ದು ಜನರ ಕಾಲುಗಳ ನಡುವೆ ತೂರಿ ಹೋದಳು. ತನ್ನ ಕೊರಳಿನ ಒದ್ದೆ ಪಟ್ಟಿಯಲ್ಲಿ ಒಂದನ್ನು ಬಿಚ್ಚಿ, ಕುರ್ಚಿ ಹತ್ತಿ, ಡಾಕ್ಟರ ತಲೆಯ ಮೇಲೆ ಹಾಕಿದಳು. ಎರಡೂ ಕೈಯಿಂದ ಒತ್ತಿದಳು, ಅವ್ವ ಒತ್ತುವ ಹಾಗೆ.

"ಸುಮ್ನ ಕುಂದರ್ರಿ ಅಜ್ಜಾರ. ಅಳಬ್ಯಾಡ್ರಿ. ಈಗ ಆರ್ತೈತಿ."

ಡಾಕ್ಟರ ಬಾಯಿಂದ ದೀರ್ಘವಾದ ಒಂದು "ಹಾ" ಹೊರಟಿತು. ಅವರು ಪಟ್ಟಿಯನ್ನು ತೆಗೆಯಲಿಲ್ಲ. ಕಣ್ಣು ತೆರೆದಾಗ ಕೂಸಿನ ಮುಖ ಎದುರಿಗಿತ್ತು. ನೀರು ಹನಿಯುವ ಹಣೆಯನ್ನು ಅವರು ಬೆರಳಿನಿಂದ ಒರೆಸಿದರು. ಒರೆಸಿದ ಜಾಗ ಒಣಗಿತು. ಹಾಗೇ ಉಳಿಯಿತು. ಅಲ್ಲಿ ಮತ್ತೇನೂ ಹುಟ್ಟಲಿಲ್ಲ. ತಮ್ಮ ಹಣೆ ಒರೆಸಿಕೊಂಡರು. ಬೆರಳು ತೆಗೆಯುವುದರೊಳಗೆ ಮತ್ತೆ ಒದ್ದೆ.

"ಈಗ ಬರೀರಿ," ಎಂದಳು ನೇತ್ರಾ.

"ಲ್ಯಾಪ್‌ಟಾಪಿನ ನೆಟ್ ಹೋಗೈತ್ರಿ ಸರ್," ಎಂದಳು ಆಫ್ರೀನ. ಯಾರೂ ಕೇಳದಿದ್ದರೂ ತನ್ನ ಪುಸ್ತಕದಿಂದ ಒಂದು ಬಿಳಿ ಹಾಳೆ ಹರಿದು ಮುಂದಿಟ್ಟಳು. "ಇದಕ್ಕ ನೆಟ್ ಬೇಕಾಗೂದಿಲ್ಲ."

ತಲೆಯ ಮೇಲೆ ಒದ್ದೆ ಪಟ್ಟಿ ಹೊತ್ತು ಡಾಕ್ಟರು ಬರೆದರು. ಬರೆದು ಓದಿದರು: "ಮುಖ್ಯೋಪಾಧ್ಯಾಯರಿಗೆ. ಈ ಬಡ ಮಗುವಿಗೆ ಬೆವರುವ ಶಕ್ತಿ ಇರುವುದಿಲ್ಲ. ದಯವಿಟ್ಟು ಕರುಣೆ ತೋರಿ ನೀರು, ನೆರಳು ಒದಗಿಸಬೇಕಾಗಿ ವಿನಂತಿ."

ನೇತ್ರಾ ಹತ್ತನೇ ಇಯತ್ತೆ ಓದಿದವಳು. ಹಾಳೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಬಡ ಅಂತ ಐತಲ್ರಿ, ಅದನ್ನ ಹೊಡೀರಿ."

ಡಾಕ್ಟರು ಅದಕ್ಕೆ ಗೀಟು ಹೊಡೆದರು.

"ದಯವಿಟ್ಟು ಹೊಡೀರಿ."

"ಅದು ಮರ್ಯಾದೆಗೆ ಹಾಕೋದಮ್ಮ."

"ಯಾರ ಮರ್ಯಾದಿಗ್ರಿ? ಹೊಡೀರಿ. ಕರುಣಾನೂ ಹೊಡೀರಿ. ವಿನಂತೀನೂ."

"ಎಲ್ಲಾ ಹೊಡೆದರೆ ಉಳಿಯೋದೇನು?"

"ನೀರು, ನೆರಳು ಉಳೀತಾವ್ರಿ. ಒದಗಿಸುವುದು ಸಾಲಿಯ ಕೆಲಸ ಅಂತ ಬರೀರಿ. ಅಂಗಳದಾಗ ನಿಂದರಸೂದಿಲ್ಲ ಅಂತ ಬರೀರಿ. ಹತ್ತಿ ಅಂಗಿ ಅಂತ ಬರೀರಿ."

"ಜಡಿ," ಎಂದಳು ನೆಲದ ಮೇಲೆ ಮಲಗಿದ್ದ ಗುರುಸಿದ್ದವ್ವ, ಕಣ್ಣು ತೆರೆಯದೆ. "ಜಡೀನೂ ಬರೀರಿ."

ಡಾಕ್ಟರು ಹೊಸ ಹಾಳೆ ಕೇಳಿದರು. ಮೊದಲಿನಿಂದ ಬರೆದರು. ಸಹಿ ಮಾಡಿದರು, ಸಿಕ್ಕೆ ಒತ್ತಿದರು. ಒಂದು ಹನಿ ಬೆವರು ಸಿಕ್ಕೆಯ ಮೇಲೆ ಬಿದ್ದು ನೀಲಿ ಬಣ್ಣ ಸ್ವಲ್ಪ ಹರಡಿತು.

ಶಾಲೆ ತೆರೆದ ದಿನ ನೇತ್ರಾ ಮಗಳ ಕೈ ಹಿಡಿದು ಹೆಡ್ ಮಾಸ್ತರರ ಮೇಜಿನ ಮುಂದೆ ನಿಂತಳು. ಅವರು ಕಾಗದವನ್ನು ಎರಡು ಸಲ ಓದಿದರು. ಬೆಳಕಿಗೆ ಹಿಡಿದು ನೋಡಿದರು. ತಿರುವಿ ಹಿಂದೆಯೂ ನೋಡಿದರು.

"ಇದರಾಗ ಪರ್ಸೆಂಟ್ ಎಲ್ಲೈತವಾ? ನಲವತ್ತೋ ಅರವತ್ತೋ ಇರಬೇಕಲ್ಲ."

"ಇಲ್ರಿ."

"ಅಂಗವಿಕಲ ಅಂತನೂ ಬರದಿಲ್ಲ."

"ಇಲ್ರಿ."

"ಆರೋಗ್ಯ ಐತಿ ಅಂತನೂ ಇಲ್ಲ." ಅವರು ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕೂತರು. "ಹಂಗಾದ್ರ ನಾ ಈಕೀನ್ನ ಏನಂತ ಬರ್ಕೋಬೇಕು?"

"ಅಂಜನಾ ಅಂತ ಬರ್ಕೋರಿ," ಎಂದಳು ನೇತ್ರಾ. ಅವರು ಬರೆದು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.